ಆಪಾ ಕರೆಯುತ್ತಿದ್ದ ಹೆಸರುಗಳು

ನೆನೆದ ಉಣ್ಣೆ ಬಿಸಿಗೆ ಒಣಗುವಾಗ ಒಂದು ವಾಸನೆ ಬರುತ್ತದೆ. ಕುರಿಯ ಮೈ, ಸುಟ್ಟ ಧೂಳು, ಹಳೆಯ ಸೋಪು ಎಲ್ಲ ಬೆರೆತ ವಾಸನೆ. ಈ ಸೆಪ್ಟೆಂಬರ್ ಕೊನೆಯಲ್ಲಿ ರಾಟರ್‌ಡ್ಯಾಮಿನಿಂದ ಡೆಲ್ಫ್ಟ್‌ಗೆ ಹೋಗುವ ರೈಲಿನಲ್ಲಿ ಎದುರು ಕೂತಿದ್ದ ಹುಡುಗಿಯೊಬ್ಬಳು ಮಳೆಯಲ್ಲಿ ತೊಯ್ದ ಟೋಪಿಯನ್ನು ತೆಗೆದು ಕಿಟಕಿಯ ಕೆಳಗಿನ ಹೀಟರ್ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿಗೆ ಆ ವಾಸನೆ ನನ್ನ ತನಕ ಬಂತು. ನಾನು ಇಳಿಯಬೇಕಾದ ನಿಲ್ದಾಣ ಬಂತು, ಬಾಗಿಲು ತೆರೆದು ಮುಚ್ಚಿಕೊಂಡಿತು. ಏಳಲು ಆಗಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ ರೈಲು ಹಿಡಿದೆ. ಒಂದು ಮನೆ ಇಲ್ಲವಾದ ಮೇಲೂ ಅದರ ವಾಸನೆ ಯಾರದೋ ತಲೆಯ ಮೇಲೆ ಕೂತು ಊರೂರು ಅಲೆಯುತ್ತಿರುತ್ತದೆ ಎಂಬುದು ಅಂಥ ಮನೆ ಕಳೆದುಕೊಂಡಿದ್ದರೆ ನಿಮಗೂ ಗೊತ್ತಿರಬಹುದು.

ನಮ್ಮದು ಡೆಲ್ಫ್ಟ್‌ನ ಕಾಲುವೆಯೊಂದರ ಪಕ್ಕದ ಕಿರಿದಾದ ಇಟ್ಟಿಗೆ ಮನೆ. ಮೇಲಿನ ಮಹಡಿಯಲ್ಲಿ ನಾವು ನಾಲ್ವರು: ಅಬ್ಬಾ, ಅಮ್ಮಿ, ನನ್ನ ಅಕ್ಕ ನಸೀಮಾ, ನಾನು. ಅಕ್ಕನನ್ನು ನಾನು ಆಪಾ ಎನ್ನುತ್ತಿದ್ದೆ. ಅಬ್ಬಾ ರಾಟರ್‌ಡ್ಯಾಮ್ ಬಂದರಿನ ಸರಕು ಕಚೇರಿಯಲ್ಲಿ ಕೆಲಸಕ್ಕಿದ್ದರು. ಅಮ್ಮಿ ಮದುವೆಗೆ ಮುಂಚೆ ಚಿತ್ರದುರ್ಗದಲ್ಲಿ ಕನ್ನಡ ಶಾಲೆಯ ಟೀಚರ್. ಅಬ್ಬಾನ ಜೊತೆ ದಖನಿ ಮಾತಾಡಿದರೂ ನಮ್ಮ ಜೊತೆ ಹಟ ಹಿಡಿದು ಕನ್ನಡವನ್ನೇ ಆಡುತ್ತಿದ್ದರು. ಕೆಳಗಿನ ಮಹಡಿಯಲ್ಲಿ ಮನೆಯ ಯಜಮಾನರಿದ್ದರು. ಫ್ರಾನ್ಸಿನವರು. ಡಚ್ ಹೆಂಡತಿ ತೀರಿಕೊಂಡ ಮೇಲೂ ಅವಳ ಊರಿನಲ್ಲೇ ಉಳಿದುಕೊಂಡವರು. ನಾವು ಅವರನ್ನು ಫ್ರೆಂಚರ ರೀತಿಯಲ್ಲೇ ಮುಸ್ಯೂ, ಅಂದರೆ ಯಜಮಾನರೇ, ಎಂದು ಕರೆಯುತ್ತಿದ್ದೆವು. ಅಮ್ಮಿಗೆ ಅವರು ಮೂಸಾ ಭಾಯಿ. ಮುಂದಿನ ಕೋಣೆಯಲ್ಲಿ ದೊಡ್ಡ ಹೊಲಿಗೆ ಯಂತ್ರ ಇಟ್ಟುಕೊಂಡು ದೋಣಿಗಳ ಹಾಯಿ ಬಟ್ಟೆಯನ್ನೂ ಅಂಗಡಿಗಳ ಮುಂದೆ ಬಿಸಿಲಿಗೆ ಕಟ್ಟುವ ಪರದೆಗಳನ್ನೂ ಹೊಲಿಯುತ್ತಿದ್ದರು. ದಪ್ಪ ಬಟ್ಟೆಗೆ ಸೂಜಿ ಇಳಿಯುವ ಸದ್ದು ಮೆಟ್ಟಿಲಿನ ಮರದಲ್ಲಿ ಹತ್ತಿ ನಮ್ಮ ಹಾಸಿಗೆಯ ತನಕ ಬರುತ್ತಿತ್ತು. ಆ ಸದ್ದು ನಿಂತ ದಿನ ನಮಗೆ ನಿದ್ದೆ ಹತ್ತುತ್ತಿರಲಿಲ್ಲ.

ಮುಸ್ಯೂ ಹುಡುಗರಾಗಿದ್ದಾಗ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವ ಕಾಲ್ದಳದ ರೆಜಿಮೆಂಟಿನಲ್ಲಿದ್ದರು. ಅದರ ಕೆಂಪು ಉಣ್ಣೆಯ ಟೋಪಿ ಹೊಲಿಗೆ ಯಂತ್ರದ ಮೇಲಿನ ಮೊಳೆಯಲ್ಲಿ ತೂಗುತ್ತಿತ್ತು. ಟೋಪಿಯನ್ನು ಎಡಕ್ಕೆ ಇಳಿಸಿ ಹಾಕಬೇಕು, ಬಿಲ್ಲೆ ಬಲಗಣ್ಣಿನ ಮೇಲೆ ಬರಬೇಕು. ಬಿಲ್ಲೆಯಲ್ಲಿ ರೆಕ್ಕೆ ಇರುವ ಒಂದು ತೋಳು, ಅದರ ಮುಷ್ಟಿಯಲ್ಲಿ ಕತ್ತಿ. ತರಬೇತಿಯ ಹಾರಾಟಗಳನ್ನು ಮುಗಿಸಿದವನ ಎದೆಗೆ ರೆಕ್ಕೆಯ ಪದಕ ಚುಚ್ಚುತ್ತಾರೆ, ಅದರ ಹಿಂಬದಿಯಲ್ಲಿ ಒಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆ ಸಾಯುವ ತನಕ ಅವನದೇ, ಇನ್ನೊಬ್ಬನಿಗೆ ಕೊಡುವುದಿಲ್ಲ. ಇದನ್ನೆಲ್ಲ ಅವರು ನಮಗೆ ಡಚ್ಚಿನಲ್ಲಿ ಹೇಳುತ್ತಿದ್ದರು, ಬಾಯಲ್ಲಿ ಸೂಜಿ ಕಚ್ಚಿಕೊಂಡು. ಮಳೆಯ ಮಧ್ಯಾಹ್ನಗಳಲ್ಲಿ ಮೂರನೇ ಮೆಟ್ಟಿಲಿನಿಂದ ಹಾಯಿ ಬಟ್ಟೆಯ ರಾಶಿಯ ಮೇಲೆ ಹಾರಲು ಕಲಿಸಿದರು. ಪಾದ ಎರಡೂ ಜೋಡಿ, ಮಂಡಿ ಎರಡೂ ಜೋಡಿ, ಗದ್ದ ಎದೆಗೆ, ಬಿದ್ದ ಕೂಡಲೇ ಪಕ್ಕಕ್ಕೆ ಉರುಳು. ಆಪಾ ಸಲೀಸಾಗಿ ಉರುಳುತ್ತಿದ್ದಳು. ನಾನು ಬಿದ್ದ ಕಡೆಯೇ ಕೂತುಬಿಡುತ್ತಿದ್ದೆ. “ಕಪ್ಪೆನೂ ಇದಕ್ಕಿಂತ ಚೆನ್ನಾಗಿ ಬೀಳುತ್ತೆ ಕಣೇ,” ಎಂದು ಆಪಾ ನಗುತ್ತಿದ್ದಳು. ಬೆಳಿಗ್ಗೆ ನಾವು ಶಾಲೆಗೆ ಹೊರಟಾಗ ಮುಸ್ಯೂ ಬಾಗಿಲಲ್ಲಿ ನಮ್ಮನ್ನು ತಿರುಗಿಸಿ ನಿಲ್ಲಿಸಿ, ಭುಜದಿಂದ ಸೊಂಟದ ತನಕ ಬ್ಯಾಗಿನ ಪಟ್ಟಿಯ ಮೇಲೆ ಅಂಗೈ ಆಡಿಸಿ, ಕೊನೆಗೆ ಭುಜಕ್ಕೆ ಎರಡು ಸಲ ತಟ್ಟುತ್ತಿದ್ದರು. ವಿಮಾನದಲ್ಲಿ ಸಾಲಾಗಿ ನಿಂತಾಗ ಹೀಗೇ ಮಾಡಬೇಕಂತೆ. ನಿನ್ನ ಬೆನ್ನು ನಿನಗೆ ಕಾಣುವುದಿಲ್ಲ, ಹಿಂದಿರುವವನು ನೋಡಬೇಕು. ತಟ್ಟಿದರೆ ಎಲ್ಲ ಸರಿಯಿದೆ, ಹೋಗಬಹುದು ಎಂದು ಅರ್ಥ.

ಅವರು ಹೇಳದೆ ಬಿಟ್ಟದ್ದೂ ಇತ್ತು. ಫ್ರಾನ್ಸ್ ತನ್ನ ಹಿಡಿತದಲ್ಲಿದ್ದ ಅಲ್ಜೀರಿಯಾವನ್ನು ಬಿಡದಿರಲು ನಡೆಸಿದ ಯುದ್ಧದಲ್ಲಿ ಆ ರೆಜಿಮೆಂಟ್ ಇತ್ತು. ಕೊನೆಗೆ ಅಲ್ಲಿನ ಕೆಲವು ಸೇನಾಧಿಕಾರಿಗಳು ತಮ್ಮ ಸರ್ಕಾರದ ಮೇಲೇ ತಿರುಗಿಬಿದ್ದರು, ಅವರ ಜೊತೆ ಹೋದ ರೆಜಿಮೆಂಟುಗಳನ್ನು ಸರ್ಕಾರ ಇಲ್ಲವಾಗಿಸಿತು. ಮುಸ್ಯೂ ಇದ್ದದ್ದು ಅವುಗಳಲ್ಲೊಂದು. ಧ್ವಜ ಮಡಿಸಿಟ್ಟರು, ಜನರನ್ನು ಚದುರಿಸಿದರು. ಬೇರೆ ರೆಜಿಮೆಂಟಿನ ಹಳಬರು ವರ್ಷಕ್ಕೊಮ್ಮೆ ಸೇರುತ್ತಾರೆ. ಇವರಿಗೆ ಸೇರಲು ಜಾಗವೂ ಇರಲಿಲ್ಲ, ಮುಖವೂ ಇರಲಿಲ್ಲ. ಒಂದು ದಿನ ಮಸೀದಿಯಲ್ಲಿ ಅಲ್ಜೀರಿಯಾದ ಹಿರಿಯರೊಬ್ಬರು ಅಬ್ಬಾನಿಗೆ ಆ ಕೆಂಪು ಟೋಪಿಯವರು ತಮ್ಮ ಊರಿನ ಜನಕ್ಕೆ ಏನೆಲ್ಲ ಹಿಂಸೆ ಮಾಡಿದರು ಎಂದು ಹೇಳಿದರು. ಅಬ್ಬಾ ಮನೆಗೆ ಬಂದವರು ಚಪ್ಪಲಿ ಬಿಡದೆ ಕೆಳಗಿನ ಕೋಣೆಗೆ ಹೋಗಿ ನಿಂತರು. ನಾನೂ ಆಪಾನೂ ಮೆಟ್ಟಿಲಲ್ಲಿದ್ದೆವು. “ನೀವೂ ಮಾಡಿದ್ರಾ?” ಎಂದು ಅಬ್ಬಾ ಕೇಳಿದರು. ಯಂತ್ರ ನಿಂತಿತು. “ಅಲ್ಲಿ ಇದ್ದೆ,” ಎಂದರು ಮುಸ್ಯೂ. “ನಿಮ್ಮ ಹತ್ತಿರ ಕ್ಷಮೆ ಕೇಳಲ್ಲ. ಅದು ನೀವು ಕೊಡೋಕೆ ಬರೋದಲ್ಲ,” ಎಂದರು. ಅಬ್ಬಾ ಮೇಲೆ ಬಂದು ಊಟ ಮಾಡದೆ ಮಲಗಿದರು. ಮನೆ ಬಿಡುತ್ತೇವೆ ಎಂದುಕೊಂಡೆವು. ಬಿಡಲಿಲ್ಲ. ಅವರಿಬ್ಬರೂ ಬಹಳ ತಿಂಗಳು ಮಾತಾಡಲಿಲ್ಲ. ಆಮೇಲೆ ಒಂದು ಮಳೆಗಾಳಿಯ ದಿನ ಅಬ್ಬಾನ ಕೋಟಿನ ಹರಿದ ಬೆನ್ನನ್ನು ಮುಸ್ಯೂ ಕೇಳದೆಯೇ ಹೊಲಿದು ಮೆಟ್ಟಿಲ ಮೇಲೆ ಮಡಿಸಿಟ್ಟಿದ್ದರು, ಅಬ್ಬಾ ಅದನ್ನು ಹಾಕಿಕೊಂಡು ಹೋದರು. ಆ ಕೆಂಪು ಟೋಪಿಯ ಜನ ಒಳ್ಳೆಯವರಾಗಿದ್ದರು ಎಂದು ನಾನು ಬರೆಯುತ್ತಿಲ್ಲ. ನಾನು ಕಂಡದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ ಇಪ್ಪತ್ತೊಂಬತ್ತು ಸಂತ ಮೈಕೇಲನ ದಿನ. ಪ್ಯಾರಾಚೂಟ್ ಸೈನಿಕರಿಗೆ ಅವನೇ ಕಾವಲು. ಅದರ ಹಿಂದಿನ ದಿನ ಮುಸ್ಯೂ ಅಮ್ಮಿಯ ಅಡುಗೆಯ ಸಣ್ಣ ಪಾತ್ರೆ, ದೇಗಚಿಯನ್ನು ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ಟೋಪಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಹೀಟರ್ ಮೇಲೆ ಬೋರಲು ಹಾಕಿದ ಆ ದೇಗಚಿಗೆ ತೊಡಿಸಿ, ಬೆರಳಿನಿಂದ ತೀಡಿ ಆಕಾರಕ್ಕೆ ತರುತ್ತಿದ್ದರು. ಮನೆಯೆಲ್ಲ ಆ ವಾಸನೆ. ಮರುದಿನ ಸಂಜೆ ಟೋಪಿ ಹಾಕಿ, ಹಿಮ್ಮಡಿ ಕೂಡಿಸಿ ನಿಂತು, ಸತ್ತುಹೋದ ತಮ್ಮ ಏಳು ಜನ ಸಂಗಾತಿಗಳ ಹೆಸರು ಕರೆಯುತ್ತಿದ್ದರು. ರೆಜಿಮೆಂಟಿನಲ್ಲಿ ಒಬ್ಬ ಹೆಸರು ಕರೆಯುತ್ತಾನೆ; ಸಾಲಿನಲ್ಲಿ ನಿಂತವರು ಪ್ರತಿ ಹೆಸರಿಗೂ ‘ಸತ್ತ, ದೇಶಕ್ಕಾಗಿ’ ಎಂದು ಉತ್ತರ ಕೊಡುತ್ತಾರೆ. ಇಲ್ಲಿ ಸಾಲೇ ಇರಲಿಲ್ಲ. ಒಬ್ಬರೇ ಕರೆದು ಒಬ್ಬರೇ ಉತ್ತರ ಕೊಡುವುದನ್ನು ಬಾಗಿಲ ಸಂದಿಯಿಂದ ನೋಡಿದ ಆಪಾ ಒಳಗೆ ಹೋಗಿ, “ನಾನು ಕರೀತೀನಿ, ನೀವು ಸಾಲಲ್ಲಿ ನಿಂತ್ಕೊಳ್ಳಿ,” ಎಂದಳು. ಏಳೂ ಹೆಸರನ್ನು ಅವಳು ಆಗಲೇ ಬಾಯಿಪಾಠ ಮಾಡಿಕೊಂಡಿದ್ದಳು. ಹಾಗೆ ಮುಸ್ಯೂನ ಪಕ್ಕದಲ್ಲಿ ಸಾಲು ಮಾಡಲು ನಾನು ನಿಂತೆ.

ಮಕ್ಕಳ ಬಾಯಲ್ಲಿ ‘ಸತ್ತ, ಸತ್ತ’ ಎಂಬ ಡಚ್ ಮಾತು ಮೇಲೆ ಕೇಳಿ ಅಮ್ಮಿ ಹಿಟ್ಟಿನ ಕೈಯಲ್ಲೇ ಇಳಿದು ಬಂದರು. “ಮೂಸಾ ಭಾಯಿ, ಏನಿದು? ಹೆಸರು ಹಿಡಿದು ಕರೆದು ಸತ್ತ ಅಂತ ಹೇಳಿಸ್ತಾರಾ ಮಕ್ಕಳ ಕೈಲಿ?” ಎಂದರು, ಕನ್ನಡದಲ್ಲೇ. ಆಪಾ ಅದನ್ನು ಮುಸ್ಯೂಗೆ ಡಚ್ಚಿನಲ್ಲಿ ಹೇಳಿದಳು. ಅದು ನಿಯಮ ಎಂದರು ಮುಸ್ಯೂ. “ನಿಯಮ ಸೈನ್ಯದೋರು ತಮ್ಮ ಹತ್ರ ಇಟ್ಕೊಳ್ಳಲಿ. ನಮ್ಮ ಮನೇಲಿ ಬಾಗಿಲು ದಾಟೋವಾಗ ಹೋಗ್ತೀನಿ ಅಂತ ಯಾರಾದ್ರೂ ಹೇಳ್ತಾರಾ? ಹೋಗಿ ಬರ್ತೀನಿ ಅಂತೀವಿ. ಇವರೂ ಅದನ್ನೇ ಹೇಳಲಿ, ಹೋಗಿ ಬರ್ತಾರೆ ಅಂತ.” ಆಪಾ ಅದನ್ನೂ ಹೇಳಿದಳು. ಮುಸ್ಯೂ ಅಮ್ಮಿಯ ಕೈಗಂಟಿದ ಹಿಟ್ಟನ್ನು ನೋಡಿದರು. “ಆದರೆ ಅವರು ಬರಲ್ಲ, ಮದಾಮ್,” ಎಂದರು. “ಗೊತ್ತು,” ಎಂದರು ಅಮ್ಮಿ. “ಬರಲ್ಲ ಅಂತ ಗೊತ್ತಿದ್ದೋರಿಗೂ ಹಾಗೇ ಹೇಳೋದು.”

ಅಂದಿನಿಂದ ಪ್ರತಿ ವರ್ಷ ಆ ಕೋಣೆಯಲ್ಲಿ ಆಪಾ ಫ್ರೆಂಚ್ ಹೆಸರು ಕರೆದಳು. ಮುಸ್ಯೂನೂ ನಾನೂ ಕನ್ನಡದಲ್ಲಿ ‘ಹೋಗಿ ಬರ್ತಾರೆ’ ಎಂದೆವು. ವಿಮಾನದ ಬಾಗಿಲಲ್ಲಿ ಅವರು ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಿದ್ದ ಕ್ರಮದಲ್ಲೇ ಹೆಸರುಗಳು ಬರುತ್ತಿದ್ದವು. ಅವರು ಹಾರುವಾಗ ಸತ್ತವರಲ್ಲ, ಬೆಟ್ಟಗಳಲ್ಲಿ ಸತ್ತವರು; ಆದರೂ ಮುಸ್ಯೂಗೆ ಅವರೆಲ್ಲ ಇನ್ನೂ ಬಾಗಿಲಲ್ಲೇ ಇದ್ದರು. ಅವು ಕಲ್ಲಿನ ಮೇಲೆ ಕೆತ್ತುವ ಹೆಸರುಗಳಲ್ಲ, ಅವರವರೇ ಇಟ್ಟುಕೊಂಡ ಅಡ್ಡಹೆಸರುಗಳು. ಆಪಾ ದೊಡ್ಡವಳಾಗಿ, ನಾಲ್ಕೈದು ಊರು ಸುತ್ತಿ, ರಾಟರ್‌ಡ್ಯಾಮಿನಲ್ಲಿ ನೆಲೆಸಿದರೂ ಆ ಸಂಜೆಗೆ ಮಾತ್ರ ತಪ್ಪದೆ ಬಂದಳು. ಅಮ್ಮಿ ಹೋದರು. ಅಬ್ಬಾ ಹೋದರು. ಮುಸ್ಯೂಗೆ ಮೆಟ್ಟಿಲು ಹತ್ತಲು ಆಗದೆ, ಆಮೇಲೆ ಒಲೆ ಆರಿಸಲೂ ನೆನಪಿಲ್ಲವಾದಾಗ ಅವರನ್ನು ಊರಾಚೆಯ ಆರೈಕೆ ಮನೆಗೆ ಸೇರಿಸಿದರು. ಮನೆ ಮಾರಿಹೋಯಿತು, ಈಗ ಅಲ್ಲಿ ವಿದ್ಯಾರ್ಥಿಗಳಿದ್ದಾರೆ, ಮುಂದಿನ ಕೋಣೆಯ ತುಂಬ ಸೈಕಲ್ಲುಗಳು. ದೇಗಚಿ ನನ್ನಲ್ಲಿದೆ. ಅದನ್ನು ಒಲೆಗೆ ಇಡಲು ನನಗೆ ಆಗುವುದಿಲ್ಲ.

ಹೋದ ಚಳಿಗಾಲದಲ್ಲಿ ಆಪಾಗೆ ರಕ್ತದ ಕಾಯಿಲೆ ಬಂತು. ಬಂದದ್ದು ಗೊತ್ತಾದಾಗಲೇ ಬಹಳ ಮುಂದೆ ಹೋಗಿತ್ತು. ಆ ವೇಳೆಗೆ ಮುಸ್ಯೂಗೆ ಹೆಸರುಗಳು ಮರೆತುಹೋಗಿದ್ದವು. ಕರೆದರೆ ಉತ್ತರ ಬರುತ್ತಿತ್ತು, ತಾವಾಗಿ ಒಂದನ್ನೂ ಹೇಳಲಾರರು. ಇಡೀ ಲೋಕದಲ್ಲಿ ಆ ಏಳು ಜನ ಉಳಿದಿದ್ದದ್ದು ಆಪಾನ ತಲೆಯಲ್ಲಿ ಮಾತ್ರ. ಅದು ಅವಳಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಮುಖದ ಮೇಲಿನ ಆಮ್ಲಜನಕದ ಮುಖವಾಡವನ್ನು ಸರಿಸಿ, “ಬಾ, ಹೆಸರು ಕಲಿ,” ಎಂದಳು. “ಇಷ್ಟು ವರ್ಷ ಉತ್ತರ ಕೊಟ್ಟೆಯಲ್ಲ, ಯಾರಿಗೆ ಕೊಡ್ತಿದ್ದೀಯ ಅಂತ ಒಂದು ಸಲನೂ ಕೇಳಿಸ್ಕೊಂಡಿಲ್ವೇನೇ?” ನಿಜವಾಗಿಯೂ ಕೇಳಿಸಿಕೊಂಡಿರಲಿಲ್ಲ. ಅವಳ ದನಿ ಇಳಿದರೆ ಸಾಕು, ನನ್ನ ಬಾಯಲ್ಲಿ ಉತ್ತರ ತಾನಾಗಿ ಬರುತ್ತಿತ್ತು. ಮೊದಲು ಬ್ರೆತೋಂ, ಸಮುದ್ರದ ಕಡೆಯವನು, ಈಜು ಬರದವನು. ಆಮೇಲೆ ಪ್ತಿ ಜಾಂ, ಎಲ್ಲರಿಗಿಂತ ಎತ್ತರ, ಅದಕ್ಕೇ ತಮಾಷೆಗೆ ಪುಟ್ಟ ಜಾಂ. ಆಮೇಲೆ ಕ್ಯುರೆ, ಪಾದ್ರಿಯಾಗಲು ಓದುತ್ತಿದ್ದು ಬಿಟ್ಟು ಬಂದವನು. ಮೂರಾಗುವಷ್ಟರಲ್ಲಿ ಅವಳಿಗೆ ಉಸಿರು ಸಾಲಲಿಲ್ಲ. ನರ್ಸ್ ಬಂದು ಮುಖವಾಡ ಹಾಕಿದಳು. “ಉಳಿದಿದ್ದು ನಾಳೆ,” ಎಂದು ಆಪಾ ಕೈಯಲ್ಲಿ ಸನ್ನೆ ಮಾಡಿದಳು. ಮರುದಿನ ನಾನು ಹೋದಾಗ ಅವಳ ಗಂಟಲಲ್ಲಿ ನಳಿಕೆ ಇತ್ತು. ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ನಾಲ್ಕು ಜನ ನಿಂತಿದ್ದರು, ನನಗೆ ಯಾರ ಗುರುತೂ ಹತ್ತಲಿಲ್ಲ.

ಆಪಾ ತೀರಿಕೊಂಡ ಮೇಲೆ ಫ್ರಾನ್ಸಿನ ಸೇನಾ ದಾಖಲೆಯವರಿಗೆ ಬರೆದೆ. ಮನೆತನದ ಹೆಸರು ಇದ್ದರೆ ಹುಡುಕಬಹುದು, ಅಡ್ಡಹೆಸರಿನಿಂದ ಆಗುವುದಿಲ್ಲ ಎಂದು ಸೌಜನ್ಯದಿಂದ ಉತ್ತರ ಬಂತು. ಮುಸ್ಯೂಗೆ ಆಪಾ ಹೋದಳು ಎಂದು ಒಮ್ಮೆ ಹೇಳಿದೆ. ಅವರು ಅತ್ತದ್ದನ್ನು ನಾನು ಇಲ್ಲಿ ಬರೆಯಲಾರೆ. ಮರುವಾರ ಅವರಿಗೆ ಅದು ಮರೆತಿತ್ತು, “ಹುಡುಗಿ ಎಲ್ಲಿ?” ಎಂದು ಮತ್ತೆ ಕೇಳಿದರು. ಇನ್ನೊಮ್ಮೆ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ.

ಈ ಸೆಪ್ಟೆಂಬರ್ ಇಪ್ಪತ್ತೊಂಬತ್ತರಂದು, ತಪ್ಪು ನಿಲ್ದಾಣದಲ್ಲಿ ಇಳಿದು, ತಡವಾಗಿ ಆರೈಕೆ ಮನೆಗೆ ಹೋದೆ. “ಬೆಳಿಗ್ಗೆಯಿಂದ ಕೂತಿಲ್ಲ. ಟೋಪಿ ಹಾಕ್ಕೊಂಡು ನಿಂತಿದ್ದಾರೆ. ಯಾರಿಗೆ ಕಾಯ್ತಿದ್ದಾರೆ?” ಎಂದು ಅಲ್ಲಿನ ದಾದಿ ಕೇಳಿದಳು. ಮುಸ್ಯೂ ಕಿಟಕಿಯ ಬಳಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಟೋಪಿ ಬಲಕ್ಕೆ ಜಾರಿತ್ತು, ಎಡಕ್ಕೆ ಇಳಿಸಿದೆ.

“ಹುಡುಗಿ ಎಲ್ಲಿ?”

“ಇವತ್ತು ನಾನು ಕರೀತೀನಿ, ಮುಸ್ಯೂ.”

“ನೀನು ಉತ್ತರ ಕೊಡೋಳು.” ಅನುಮಾನದಿಂದ ನೋಡಿದರು. ಆದರೂ ಕುರ್ಚಿ ಬಿಟ್ಟು ಹಿಮ್ಮಡಿ ಕೂಡಿಸಿದರು.

ಬ್ರೆತೋಂ ಎಂದೆ. ಹೋಗಿ ಬರ್ತಾರೆ ಎಂದರು. ಪ್ತಿ ಜಾಂ ಎಂದೆ. ಹೋಗಿ ಬರ್ತಾರೆ ಎಂದರು. ಕ್ಯುರೆ. ಹೋಗಿ ಬರ್ತಾರೆ. ಡಚ್ಚೂ ಅರ್ಧ ಮರೆತ ಆ ಬಾಯಲ್ಲಿ ಅಮ್ಮಿಯ ಮಾತು ಒಂದಕ್ಷರ ಸವೆಯದೆ ಉಳಿದಿತ್ತು. ಆಮೇಲೆ ಕರೆಯಲು ನನ್ನಲ್ಲಿ ಹೆಸರು ಇರಲಿಲ್ಲ. ಕಾರಿಡಾರಿನಲ್ಲಿ ಕಾಫಿಯ ಗಾಡಿ ಹೋಯಿತು.

“ಇನ್ನೂ ಇದ್ದಾರೆ,” ಎಂದರು ಮುಸ್ಯೂ. “ಬಾಗಿಲಲ್ಲಿ ನಿಂತಿದ್ದಾರೆ. ಕರಿ. ಯಾಕೆ ಕರೀತಿಲ್ಲ?”

ಅವರ ಮುಖದಲ್ಲಿ ಅಂಥ ಭಯವನ್ನು ನಾನು ಎಂದೂ ಕಂಡಿರಲಿಲ್ಲ. ನನ್ನ ಬಳಿ ಉಳಿದಿದ್ದದ್ದು ಆಪಾನ ಹೆಸರೊಂದೇ.

“ನಸೀಮಾ,” ಎಂದೆ.

ಅವರು ಗದ್ದ ಎತ್ತಿದರು. “ಹೋಗಿ ಬರ್ತಾರೆ,” ಎಂದರು, ಗಟ್ಟಿಯಾಗಿ, ಸಾಲಿನಲ್ಲಿ ನಿಂತವರು ಹೇಳುವ ಹಾಗೆ. ಅವರ ಜೊತೆ ಹೇಳಲು ನಾನೂ ಬಾಯಿ ತೆರೆದಿದ್ದೆ. ಜೀವಮಾನವಿಡೀ ನನ್ನ ಪಾಲಿಗಿದ್ದದ್ದು ಆ ಉತ್ತರ ಒಂದೇ. ಅದು ಬರಲಿಲ್ಲ.

ಬೇರೇನು ಮಾಡಬೇಕೋ ತಿಳಿಯದೆ ಅವರ ಹಿಂದೆ ಹೋಗಿ ನಿಂತೆ. ಭುಜದಿಂದ ಸೊಂಟದ ತನಕ ಅಂಗೈ ಆಡಿಸಿದೆ. ಅಂಗಿಯ ಕೆಳಗೆ ಮೂಳೆಗಳು ಕೈಗೆ ಸಿಕ್ಕವು. ಎರಡು ಸಲ ತಟ್ಟಲು ಕೈ ಎತ್ತಿದವಳು ಒಂದು ಸಲ ತಟ್ಟಿ ನಿಲ್ಲಿಸಿದೆ. ಇವರನ್ನೂ ಕಳಿಸಲು ನನ್ನಿಂದ ಆಗಲಿಲ್ಲ.

“ಮುಂದಿನವರು?” ಎಂದರು ಮುಸ್ಯೂ, ತಿರುಗದೆ.

ಹೊರಗೆ ಕತ್ತಲಾಗುತ್ತಿತ್ತು. ಕಿಟಕಿಯ ಗಾಜಿನಲ್ಲಿ ಕೆಂಪು ಟೋಪಿಯೂ ಅದರ ಹಿಂದೆ ನನ್ನ ಮುಖವೂ ಕಾಣುತ್ತಿದ್ದವು. ಅವರು ಹಿಮ್ಮಡಿ ಕೂಡಿಸಿಕೊಂಡು ಕಾಯುತ್ತಲೇ ಇದ್ದರು.