ಬಟನ್ ಇಲ್ಲದ ಫೋನು

ಇವತ್ತು ಬೆಳಿಗ್ಗೆ ಪತ್ರಿಕೆಯ ಒಳಪುಟದಲ್ಲಿ ಅಂಗೈ ಅಗಲದ ಒಂದು ಸುದ್ದಿ: ಅಮೆರಿಕದ ಕಂಪ್ಯೂಟರ್ ಕಂಪನಿಯೊಂದು ಗುಟ್ಟಾಗಿ ಏನನ್ನೋ ತಯಾರಿಸುತ್ತಿದೆ, ಸ್ಲೇಟಿನಂತಿರಬಹುದು, ಇರದೆಯೂ ಇರಬಹುದು. ಚಿತ್ರದ ಜಾಗದಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ. ಇಂಥದ್ದನ್ನು ಓದಿದರೆ ನಿಮಗೆ ಕುತೂಹಲವಾಗಬಹುದು. ನನಗೆ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಬೆವರು ಬರುತ್ತದೆ. ಕಾರಣ ಹೇಳುತ್ತೇನೆ, ನಮ್ಮ ಅತ್ತೆಗೆ ಮಾತ್ರ ಹೇಳಬೇಡಿ.

ನಾಲ್ಕು ವರ್ಷದ ಹಿಂದೆ, ಎಂ.ಎಸ್ಸಿ. ಪರೀಕ್ಷೆ ಮುಗಿಸಿ, ಹೊಸಪೇಟೆಯ ಸೋದರಮಾವನ ಮನೆಯಲ್ಲಿದ್ದೆ. ಮಾವನದು ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ರಿಪೇರಿ ಅಂದರೆ ಹೆಚ್ಚಾಗಿ ಒಂದೇ ಕೆಲಸ. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಎಲ್ಲರ ಫೋನಿನ ಬಟನ್ನುಗಳ ಸಂದಿಗೆ ಇಳಿಯುತ್ತಿತ್ತು. ಐದನ್ನು ಒಮ್ಮೆ ಒತ್ತಿದರೆ ಪರದೆಯ ತುಂಬ ಐದೇ. ಮಾವ ಹಳೆಯ ಹಲ್ಲುಜ್ಜುವ ಬ್ರಶ್ಶು, ಸ್ಪಿರಿಟ್ಟು, ಹತ್ತಿ ಹಿಡಿದು ಒಂದೊಂದೇ ಬಟನ್ನನ್ನು ಕೂಸಿನ ಕಿವಿ ಒರೆಸಿದಂತೆ ಒರೆಸುತ್ತಿದ್ದರು.

ಒಂದು ಮಧ್ಯಾಹ್ನ, ಯಾರೂ ಕೇಳದಿದ್ದರೂ, ಇದೇ ಕಂಪನಿಯ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಿಂದ ಓದಿ ಹೇಳಿದೆ. ಯಾರೂ ಕಾಣದ ಒಂದು ವಸ್ತು ಬರಲಿದೆ, ಫೋನಿರಬಹುದು, ಬಟನ್ನೇ ಇರಲಿಕ್ಕಿಲ್ಲ.

ಕಂಪ್ಲಿಯ ರೈಸ್ ಮಿಲ್ಲಿನ ವೀರಣ್ಣ ಬೆಂಚಿನ ಮೇಲೆ ಸರಿದು ಕೂತರು. "ಬಟನ್ ಇಲ್ಲಂದ್ರ ಫೋನಲ್ಲ ಬಿಡ್ರಿ. ಭತ್ತದಾಗ ಇಟ್ರ ಹಸಿ ಎಷ್ಟೈತಿ ಅಂತ ಹೇಳೋ ಮಷಿನ್ ಇರ್ಬೇಕು."

"ನಿಮಗ ಭತ್ತ ಬಿಟ್ರ ಏನ್ ಗೊತ್ತೈತ್ರಿ?" ಎಂದರು ವಡ್ಡು ಊರಿನ ಲಾರಿ ಮಾಲೀಕ ತಿಪ್ಪಣ್ಣ. "ಮುಂದ ಎಲ್ಲಿ ಜಾಮ್ ಆಗೈತಿ ಅಂತ ಡ್ರೈವರಿಗೆ ಹೇಳೋದದು."

"ಮತ್ತ ಮಾತಾಡಾಕ?"

"ಮಾತಾಡಾಕ ನೀವದೀರಲ್ಲ!"

ಮಾವ ಬ್ರಶ್ಶು ಕೆಳಗಿಟ್ಟರು. "ಬಟನ್ ಇಲ್ಲಂದ್ರ ಧೂಳು ಎಲ್ಲಿ ಕುಂದರ್ತೈತಿ?"

ಎಲ್ಲರೂ ನಕ್ಕರು. ಮಾವ ನಗಲಿಲ್ಲ.

ಸಂಜೆಗೆ ಸುದ್ದಿ ಅತ್ತೆಗೆ ಮುಟ್ಟಿತು. ಅಂಗಡಿ ಮುಚ್ಚಿಸಿ ಮಾವನನ್ನು ತಮ್ಮ ಅಣ್ಣನ ಅದಿರು ಸಾಗಿಸುವ ಟಿಪ್ಪರ್ ವ್ಯವಹಾರಕ್ಕೆ ಸೇರಿಸುವುದು ಅತ್ತೆಯ ಹಳೆಯ ಆಸೆ. ಆ ವರ್ಷಗಳಲ್ಲಿ ನಮ್ಮ ಕಡೆ, ಟಿಪ್ಪರ್ ಇದ್ದ ಮನೆಗೆ ಜಾತಕ ನೋಡದೆ ಹೆಣ್ಣು ಕೊಡುತ್ತಿದ್ದರು. ತಟ್ಟೆಗೆ ರೊಟ್ಟಿ ಹಾಕುತ್ತಾ ಅತ್ತೆ ಕೇಳಿದರು: "ನೀ ಓದಿದಾಕಿ. ಖರೇ ಹೇಳು, ಆ ಫೋನ್ ಬಂದ್ರ ನಿಮ್ಮ ಮಾವನ ಅಂಗಡಿ ನಡಿತೈತೇನು?"

ನಾನು ಓದಿದ್ದು ಸಸ್ಯಶಾಸ್ತ್ರ. ಎದುರಿಗೆ ಮಾವ ರೊಟ್ಟಿ ಮುರಿಯುತ್ತಿದ್ದರು, ತಿನ್ನುತ್ತಿರಲಿಲ್ಲ.

"ಅದು ಈ ಕಡೆ ಬರಂಗೇ ಇಲ್ಲ ಅತ್ತಿ. ಅಂಗಡಿಗೇನೂ ಆಗಂಗಿಲ್ಲ," ಎಂದುಬಿಟ್ಟೆ. ಟಿಪ್ಪರ್ ಮಾತು ಅಲ್ಲಿಗೆ ನಿಂತಿತು.

ಫೋನು ಬಂತು. ಎರಡೇ ವರ್ಷಕ್ಕೆ, ಅದೂ ತಿಪ್ಪಣ್ಣನವರ ಕೈಯಲ್ಲಿ. ರಜೆಗೆ ಬಂದ ನಾನು ಅಂಗಡಿಯಲ್ಲೇ ಇದ್ದೆ. "ಮುಟ್ಟಿದ್ರ ಸಾಕು ಅಂದಿದ್ರು. ಇದು ಗುದ್ದಿದ್ರೂ ಮಿಸುಕವಲ್ದಲ್ರಿ!" ಎಂದು ಅವರು ಗಾಜನ್ನು ಕುಟ್ಟುತ್ತಿದ್ದರು. ಮಾವ ಇಸಿದುಕೊಂಡು ಮುಟ್ಟಿದರು. ಕೂಡಲೇ ಬೆಳಗಿತು. ಅವರು ಫೋನನ್ನು ಪಕ್ಕಕ್ಕಿಟ್ಟು, ತಿಪ್ಪಣ್ಣನವರ ಕೈ ಎಳೆದುಕೊಂಡು, ಧೂಳು ಮೆತ್ತಿ ಒರಟಾಗಿದ್ದ ತೋರುಬೆರಳನ್ನು ಸ್ಪಿರಿಟ್ಟು ಹಚ್ಚಿ ತಿಕ್ಕತೊಡಗಿದರು.

"ಫೋನ್ ಮಸ್ತ್ ಐತ್ರಿ ಸಾವ್ಕಾರ್ರ. ಕ್ಲೀನ್ ಮಾಡೋದು ನಿಮ್ಮನ್ನ."

ಅಂಗಡಿ ಇವತ್ತಿಗೂ ಇದೆ. ಹೊಸ ಫೋನುಗಳಿಗೆ ಬಟನ್ ಇಲ್ಲದಿದ್ದರೂ ಚಾರ್ಜರಿನ ತೂತುಂಟು, ಸ್ಪೀಕರಿನ ಜಾಲರಿಯುಂಟು. ಧೂಳು ಜಾಗ ಹುಡುಕಿಕೊಂಡಿತು. ಆದರೂ ನಾನು ಹೇಳಿದ್ದು ಸುಳ್ಳೇ. ಅದನ್ನು ನಂಬಿ ಒಬ್ಬ ಮನುಷ್ಯ ತನ್ನ ಹೊಟ್ಟೆಪಾಡಿನ ತೀರ್ಮಾನ ಮಾಡಿದ್ದ. ಇವತ್ತು ಪತ್ರಿಕೆ ಮಡಚಿಟ್ಟು, ಮಾವನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

"ಅವತ್ತೇ ಗೊತ್ತಾತವ್ವ," ಎಂದರು ಮಾವ. "ಉಪ್ಪು ಸಾಕೇನು ಅಂದ್ರ ಅರ್ಧ ತಾಸು ಯೋಚನಿ ಮಾಡಾಕಿ ನೀನು. ಅವತ್ತು ಅಷ್ಟು ಜಲ್ದಿ ಹೇಳಿದ್ಯಲ್ಲ!"

"ಮತ್ತ ನಂಬಿದ್ರಲ್ಲ?"

"ನಂಬಿದಾಕಿ ನಿಮ್ಮತ್ತಿ. ನನಗ ಟಿಪ್ಪರ್ ಕಂಡ್ರನ ಅಂಜಿಕಿ. ಅಕಿ ಮುಂದ ಹೇಳಾಕ ಒಬ್ಬ ಎಂ.ಎಸ್ಸಿ. ಬೇಕಾಗಿತ್ತು, ಅಷ್ಟ." ದನಿ ತಗ್ಗಿತು. "ಈಗ ಸ್ಲೇಟಿನ ಸುದ್ದಿ ಟೀವಿಯಾಗ ನೋಡ್ಯಾಳ. ಮುಂಜಾನಿಂದ ಮತ್ತ ಅಣ್ಣನ ಹೆಸರು ತೆಗದಾಳ. ತಡಿ, ಕೊಡ್ತೀನಿ."

ಅತ್ತೆ ಅದೇ ಪ್ರಶ್ನೆ ಕೇಳಿದರು. ಈ ಸಲವೂ ನನಗೇನೂ ಗೊತ್ತಿರಲಿಲ್ಲ. ಗೋಡೆಯ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಸುಮ್ಮನಿದ್ದೆ. ಆಮೇಲೆ, ಭಾಳ ಯೋಚಿಸಿದವಳ ದನಿಯಲ್ಲಿ ಹೇಳಿದೆ:

"ಅಂಗಡಿಗೇನೂ ಆಗಂಗಿಲ್ಲ ಅತ್ತಿ."