ನನಗೂ ಹಿಂಗ ಆಗಿತ್ತು

ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ಓಣಿಯಲ್ಲಿ ಒಂದು ವರ್ಷದ ಮಟ್ಟಿಗೆ ಯಾರಿಗೂ ಯಾವ ಕಾಯಿಲೆಯೂ ಇರಲಿಲ್ಲ. ತಲೆನೋವಿಲ್ಲ, ಮಂಡಿನೋವಿಲ್ಲ, ನಿದ್ದೆಗೆಟ್ಟವರಿಲ್ಲ. ಸಾವಿತ್ರಿಬಾಯಿ ಎದುರಾಗಿ "ಹೆಂಗದೀರಿ?" ಅಂದರೆ ಸಾಕು, ಜ್ವರದಲ್ಲಿ ನಡುಗುತ್ತಿದ್ದವರೂ "ಭಾಳ ಆರಾಮ ಅದೀವ್ರಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ನನ್ನ ಹೆಂಡತಿಯ ಅರೆತಲೆನೋವು ನಮ್ಮ ಮದುವೆಯಷ್ಟೇ ಹಳೆಯದು. ಒಂದು ಮಧ್ಯಾಹ್ನ ಕರೆಗಂಟೆ ಒತ್ತಿದವರು ಸಾವಿತ್ರಿಬಾಯಿ ಎಂದು ಕಿಟಕಿಯಿಂದ ಗೊತ್ತಾದದ್ದೇ ತಡ, ಆಕೆ ಹಣೆಗೆ ಹಚ್ಚಿಕೊಂಡಿದ್ದ ಮುಲಾಮನ್ನು ಸೆರಗಿನಿಂದ ಒರೆಸಿಕೊಂಡು, ನಗುಮುಖ ಮಾಡಿಕೊಂಡು ಬಾಗಿಲು ತೆಗೆದಳು. ನೋವಿದೆ ಎಂದು ಬಾಯಿಬಿಟ್ಟರೆ ಡಬ್ಬಿ ಬರುತ್ತದೆ ಎನ್ನುವುದು ಓಣಿಗೆಲ್ಲ ಗೊತ್ತಿತ್ತು.

ಡಬ್ಬಿ ಎಂದರೆ ಹಾಲಿನಲ್ಲಿ ಕಲಸಿ ಕುಡಿಯುವ ಶಕ್ತಿಪುಡಿ. ಅಂಗಡಿಯಲ್ಲಿ ಸಿಗುವುದಿಲ್ಲ. ನೆಂಟರು ನೆಂಟರಿಗೆ, ಗೆಳತಿಯರು ಗೆಳತಿಯರಿಗೆ ಮಾರಬೇಕು. ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಪುಕ್ಕಟೆ ಜಾಹೀರಾತು ಮಾಡಿಕೊಟ್ಟ ಹಾಗಾಗುತ್ತದೆ, ಆ ಕೆಲಸಕ್ಕೆ ಬೇಕಾದಷ್ಟು ಜನ ಆಗಲೇ ಇದ್ದಾರೆ.

ಸಾವಿತ್ರಿಬಾಯಿ ಲಿಂಗಸುಗೂರಿನ ಕಡೆಯವರು. ಗಂಡ ಸೂರ್ಯಕಾಂತ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಾ ಬಂದವರು. ಬೆಳಿಗ್ಗೆ ನಾವಿಬ್ಬರೂ ಕೂಡಿಯೇ ವಾಕಿಂಗ್ ಹೋಗುತ್ತೇವೆ, ಈ ಕತೆಯ ಒಳಗಿನ ಸಂಗತಿ ನನಗೆ ತಿಳಿದದ್ದು ಅವರಿಂದಲೇ. ಮಾತು ಕಡಿಮೆಯ ಮನುಷ್ಯ. ಮಾತೆಲ್ಲ ಹೆಂಡತಿಯ ಪಾಲಿಗೆ ಬಂದಿತ್ತು. ಸಾವಿತ್ರಿಬಾಯಿ ಮಹಡಿಯ ಕಟಕಟೆಗೆ ಬಂದು ನಿಂತರೆ ಓಣಿಗೆ ಬೆಳಗಾಯಿತು ಎಂದೇ ಲೆಕ್ಕ. "ಏನ್ ಅಡಗಿ ಮಾಡಾಕತ್ತೀರಿ?" "ನಿಮ್ಮವ್ವಗ ಕಣ್ಣಿನ ಆಪರೇಷನ್ ಆತೇನು?" ತೆಲುಗಿನವರನ್ನೂ ಬಿಡುತ್ತಿರಲಿಲ್ಲ. ಅವರ ತೆಲುಗಿಗೆ ಕನ್ನಡದ ಕೈಕಾಲು ಇರುತ್ತಿದ್ದವು, ಆದರೂ ಎಲ್ಲರಿಗೂ ಅರ್ಥವಾಗುತ್ತಿತ್ತು. ಎದುರುಮನೆಯ ಭವಾನಿ ಗಂಗಾವತಿಯಿಂದ ಹೊಸದಾಗಿ ಮದುವೆಯಾಗಿ ಬಂದಾಗ ತರಕಾರಿ ಗಾಡಿಯ ಮುಂದೆ ನಿಂತು ಅಳುವಂತಾಗಿದ್ದಳಂತೆ, ಒಂದು ಮಾತೂ ತಿಳಿಯದೆ. ಅವಳಿಗೆ ತೆಲುಗು ಕಲಿಸಿದವರು ಇವರು. ಬಾಣಂತನ ಮಾಡಿದವರೂ ಇವರೇ. ಭವಾನಿ ಗಂಡ ಗೋಪಿನಾಥನೊಡನೆ ಜಗಳವಾಡಿದರೂ ರಸ್ತೆ ದಾಟಿ ಬಂದು ಇವರ ಅಡುಗೆಮನೆಯಲ್ಲಿ ಕೂಡುತ್ತಿದ್ದಳು.

ಮಗಳು ಕಾವ್ಯಾ ಮದುವೆಯಾಗಿ ಪುಣೆಗೆ ಹೋದ ಮೇಲೆ ಮನೆ ಖಾಲಿಯೆನಿಸಿತು. ಆ ಹೊತ್ತಿಗೆ ಯಾರೋ ತಾರ್ನಾಕದ ಒಂದು ಫಂಕ್ಷನ್ ಹಾಲಿನ ಭಾನುವಾರದ ಸಭೆಗೆ ಕರೆದುಕೊಂಡು ಹೋದರು. ಅಲ್ಲಿ ಹೆಂಗಸರು ಒಬ್ಬೊಬ್ಬರಾಗಿ ವೇದಿಕೆಗೆ ಹೋಗಿ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಸಾವಿತ್ರಿಬಾಯಿಯನ್ನೂ ಹತ್ತಿಸಿದರು. ಅವರು ಸೂರ್ಯಕಾಂತರ ಎರಡು ಬೆರಳು ಯಂತ್ರಕ್ಕೆ ಸಿಕ್ಕು ತುಂಡಾಗಿ ನಂಜೇರಿದ ವರ್ಷದ ಕತೆ ಹೇಳಿದರು. ಗಂಡ ಮಲಗಿದರೆ ಉಸಿರಾಡುತ್ತಾರೋ ಇಲ್ಲವೋ ಎಂದು ನೋಡುತ್ತ ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಕೂತದ್ದು, ಯಾರ ಮುಂದೆಯೂ ಹೇಳದೆ ನುಂಗಿಕೊಂಡದ್ದು. ಇಡೀ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅವರ ಬದುಕಿನಲ್ಲಿ ಯಾರಾದರೂ ಅವರಿಗಾಗಿ ಎದ್ದು ನಿಂತದ್ದು ಅದೇ ಮೊದಲು. ದುಡ್ಡಿನ ಆಸೆಗೆ ಹೋದರು ಎಂದು ಓಣಿಯವರು ಆಡಿಕೊಂಡದ್ದು ಶುದ್ಧ ಸುಳ್ಳು.

ತರಬೇತಿ ಕೊಟ್ಟವಳು ನಿರೀಕ್ಷಾ ಎಂಬ ಹುಡುಗಿ, ಕಾವ್ಯಾಳ ವಯಸ್ಸಿನವಳು. ಕಿವಿಗೆ ಮೈಕು ಸಿಕ್ಕಿಸಿಕೊಂಡು ಅವಳು ಹೇಳಿಕೊಟ್ಟಳು: ಪುಡಿಯ ಮಾತು ಮೊದಲು ಎತ್ತಬೇಡಿ. ಹೇಗಿದ್ದೀರಿ ಎಂದು ಕೇಳಿ. ಅವರು ನೋವು ಹೇಳಿಕೊಳ್ಳಲಿ, ನಡುವೆ ಬಾಯಿ ಹಾಕಬೇಡಿ. ಕೈ ಹಿಡಿದುಕೊಳ್ಳಿ. ನನಗೂ ಹೀಗೇ ಆಗಿತ್ತು ಎನ್ನಿ. ಅಷ್ಟಕ್ಕೆ ಸುಮ್ಮನಾಗಿಬಿಡಿ. ಮುಂದೇನು ಮಾಡಿದಿರಿ ಎಂದು ಅವರೇ ಕೇಳುತ್ತಾರೆ.

ಇದನ್ನು ಸಾವಿತ್ರಿಬಾಯಿಗೆ ಕಲಿಸಬೇಕಿತ್ತೇ? ಇಪ್ಪತ್ತು ವರ್ಷದಿಂದ ಅವರು ಮಾಡುತ್ತಿದ್ದದ್ದೇ ಅದು. ಕೇಳುತ್ತಿದ್ದರು, ಕೈ ಹಿಡಿಯುತ್ತಿದ್ದರು, ನನಗೂ ಹಿಂಗ ಆಗಿತ್ತವ್ವಾ ಎನ್ನುತ್ತಿದ್ದರು. ಕಂಪನಿ ಅವರ ಮಾತನ್ನೇ ಎತ್ತಿಕೊಂಡು, ಅದರ ಬಾಲಕ್ಕೊಂದು ಡಬ್ಬಿ ಕಟ್ಟಿ, ಅವರಿಗೇ ವಾಪಸು ಕೊಟ್ಟಿತು. ಈ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಮೊದಮೊದಲು ಎಲ್ಲರೂ ಕೊಂಡರು. ನಾವೂ ಕೊಂಡೆವು. ಪುಡಿಗೆ ಸುಟ್ಟ ಬೆಲ್ಲದ ವಾಸನೆ ಇತ್ತು, ಅದರಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಎರಡನೆಯ ಡಬ್ಬಿಯ ಹೊತ್ತಿಗೆ ಜನಕ್ಕೆ ಸಾಕಾಯಿತು, ಆದರೆ ಬೇಡ ಎನ್ನಲು ದಾಕ್ಷಿಣ್ಯ. ಹೋದ ವರ್ಷ ಶ್ರಾವಣ ಶುಕ್ರವಾರ ಅರಿಶಿನ ಕುಂಕುಮಕ್ಕೆ ಕರೆದು, ಹೆಂಗಸರೆಲ್ಲ ಕೂತ ಮೇಲೆ, ಟಿವಿಯಲ್ಲಿ ಕಂಪನಿಯ ಸಿನಿಮಾ ಹಾಕಿದರು. ಲಕ್ಷ್ಮಿಯ ಮುಂದೆಯೇ ಡಬ್ಬಿಗಳನ್ನು ಜೋಡಿಸಿಟ್ಟಿದ್ದರು. ಅಂದಿನಿಂದ ಓಣಿ ಆರೋಗ್ಯವಂತವಾಯಿತು. ಮೊದಲು ಅವರ ಮೆಟ್ಟಿಲಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದವರು ಈಗ ನೆಟ್ಟಗೆ ನಡೆದು ಹೋಗುತ್ತಿದ್ದರು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಎತ್ತಿದರೂ "ಅಡಗಿ ಒಲಿ ಮ್ಯಾಲೈತ್ರಿ" ಎನ್ನುತ್ತಿದ್ದರು. ಪುಣೆಯಿಂದ ಕಾವ್ಯಾ ಕೂಡ, "ಅಮ್ಮಾ, ನೀ ಹೆಂಗದಿ ಅಂತ ಕೇಳಿದ್ರ ನನಗ ಹೆದರಿಕಿ ಬರ್ತೈತಿ" ಎಂದು ನಕ್ಕಳಂತೆ. ಸಾವಿತ್ರಿಬಾಯಿ ನಗಲಿಲ್ಲ.

ಅವರ ಕಣ್ಣು ತೆರೆಸಿದವಳು ಹುಸೇನಮ್ಮ. ಇವರ ಮನೆಯಲ್ಲೂ ಭವಾನಿಯ ಮನೆಯಲ್ಲೂ ಪಾತ್ರೆ ತಿಕ್ಕುವವಳು. ಒಂದು ದಿನ ಕೆಲಸ ಮಾಡುತ್ತ, "ಗೋಪಿನಾಥಣ್ಣಾರ ಎದಿಯಾಗ ಸ್ಪ್ರಿಂಗ್ ಹಾಕ್ಯಾರಂತ ಅಕ್ಕಾರ, ಈಗ ದವಾಖಾನಿಯಿಂದ ಮನಿಗೆ ಬಂದಾರ" ಎಂದಳು.

"ಯಾವಾಗ?" ಸಾವಿತ್ರಿಬಾಯಿಯ ಕೈಯ ಚಹಾ ಅಲ್ಲೇ ನಿಂತಿತು.

"ವಾರ ಆತಲ್ರೀ. ನಿಮಗ ಹೇಳಬ್ಯಾಡ ಅಂದಿದ್ರು."

"ಯಾಕ?"

ಹುಸೇನಮ್ಮ ತಲೆ ಎತ್ತದೆ ಪಾತ್ರೆ ತಿಕ್ಕಿದಳು. "ನೀವು ಡಬ್ಬಿ ತಗೊಂಡು ಬರ್ತೀರಂತ."

ಎದುರುಮನೆ. ಆಂಬುಲೆನ್ಸ್ ಬಂದಾಗ ಸಾವಿತ್ರಿಬಾಯಿ ಭಾನುವಾರದ ಸಭೆಯಲ್ಲಿದ್ದರು. ಆ ಮಧ್ಯಾಹ್ನವೇ ಉಳಿದ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ, ಆಟೋ ಹಿಡಿದು, ನಿರೀಕ್ಷಾಳ ಆಫೀಸಿನ ಮುಂದೆ ಇಟ್ಟು ಬಂದರು. ಅವಳು ಕೈ ಹಿಡಿದು, "ಆಂಟೀ, ಐ ಅಂಡರ್‌ಸ್ಟ್ಯಾಂಡ್, ನನಗೂ ಮೊದಲು ಹೀಗೇ ಆಗಿತ್ತು" ಎಂದಳಂತೆ. ಸಾವಿತ್ರಿಬಾಯಿ ಕೈ ಬಿಡಿಸಿಕೊಂಡು ಬಂದರು.

ಬಿಡುವುದು ಸುಲಭವಾಗಿತ್ತು, ಬಿಟ್ಟಿದ್ದೇನೆ ಎಂದು ನಂಬಿಸುವುದು ಕಷ್ಟ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ "ನಾನು ಈ ವ್ಯವಹಾರ ನಿಲ್ಲಿಸಿದ್ದೇನೆ" ಎಂದು ಹಾಕಿದರು. ಹೊಸ ಸ್ಕೀಮು ಬಂದಿರಬೇಕು ಎಂದು ಓಣಿ ಮಾತಾಡಿಕೊಂಡಿತು. ಗೋಪಿನಾಥನನ್ನು ನೋಡಲು ಬರಿಗೈಯಲ್ಲಿ ಹೋದರು. ಭವಾನಿ ಅವರ ಕೈಚೀಲವನ್ನೇ ನೋಡುತ್ತ ಬಾಗಿಲಲ್ಲೇ ನಿಂತು, "ಮಲಗ್ಯಾರ್ರೀ, ಈಗ ಆರಾಮ ಐತಿ, ಭಾಳ ಆರಾಮ ಐತಿ" ಎಂದಳು.

ಅದಕ್ಕೇ ಅವರು ಈ ಶ್ರಾವಣವನ್ನು ಕಾದರು. ಕುಂಕುಮಕ್ಕೆ ಕರೆದರೆ ಮುತ್ತೈದೆಯರು ಬರಲೇಬೇಕು, ಒಲ್ಲೆ ಎನ್ನುವಂತಿಲ್ಲ. ಭವಾನಿಯೂ ಬರಲೇಬೇಕು. ಬಂದು ಹಳೆಯ ಹಾಗೆ ಅಡುಗೆಮನೆಯಲ್ಲಿ ಕೂತರೆ ಸಾಕು, ಮಿಕ್ಕಿದ್ದೆಲ್ಲ ತಾನೇ ಸರಿಹೋಗುತ್ತದೆ ಎಂದು ಗಂಡನ ಮುಂದೆ ಹೇಳಿಕೊಂಡಿದ್ದರು. ಕೋಠಿ ಪೇಟೆಗೆ ಹೋಗಿ ರವಿಕೆ ಬಟ್ಟೆಯ ಕಣಗಳನ್ನು ತಂದರು, ಭವಾನಿಗೆ ಅವಳು ಇಷ್ಟಪಡುವ ಗಿಣಿಹಸಿರಿನದು. ಕಡಲೆ ನೆನೆಹಾಕಿದರು. ಮನೆಮನೆಗೆ ಹೋಗಿ ಕರೆದರು. "ಈ ಸಲ ಏನೂ ಇಲ್ರೀ, ಬರೇ ಅರಿಶಿಣ ಕುಂಕುಮ. ಖರೇನ ಏನೂ ಇಲ್ಲ." ಹೆಚ್ಚು ಸಲ ಹೇಳಿದಷ್ಟೂ ಹೆಂಗಸರ ಮುಖದಲ್ಲಿ ಅನುಮಾನ ಹೆಚ್ಚುತ್ತಿತ್ತು. ನನ್ನ ಹೆಂಡತಿ ಬಾಗಿಲು ಹಾಕಿ, "ಏನೂ ಇಲ್ಲ ಅಂತ ಇಷ್ಟು ಯಾಕ ಹೇಳ್ತಾರ?" ಎಂದು ನನ್ನನ್ನು ಕೇಳಿದಳು. ನಿಜ ಹೇಳುವವರು ಹೀಗೇ ಹೇಳುತ್ತಾರೆ ಎಂದೆ. ಸುಳ್ಳು ಹೇಳುವವರೂ ಹೀಗೇ ಹೇಳುತ್ತಾರೆ ಎಂದಳು.

ಶುಕ್ರವಾರ ಸಂಜೆ ಎಲ್ಲರೂ ಬಂದರು. ಗುಂಪಾಗಿ, ಒಬ್ಬರ ಹಿಂದೆ ಒಬ್ಬರು ನುಸುಳಿ ಬಂದರು. ಚಾಪೆ ಹಾಸಿತ್ತು, ಯಾರೂ ಕೂಡಲಿಲ್ಲ. "ಇನ್ನೂ ಭಾಳ ಮನಿ ಅದಾವ್ರೀ" ಎಂದು ನಿಂತಲ್ಲೇ ಕೆನ್ನೆ ಒಡ್ಡಿ ಅರಿಶಿನ ಹಚ್ಚಿಸಿಕೊಂಡರು, ಸೆರಗಿನಲ್ಲಿ ಕಣ, ಕಡಲೆ, ಎಲೆ ಅಡಿಕೆ ಕಟ್ಟಿಕೊಂಡರು, ಹೊರಟರು. ತೆಲುಗಿನ ಹೆಂಗಸೊಬ್ಬರು ಟಿವಿ ಆರಿದೆಯೋ ಇಲ್ಲವೋ ಎಂದು ಕಣ್ಣು ಹಾಯಿಸಿಯೇ ಒಳಗೆ ಕಾಲಿಟ್ಟರು. ನನ್ನ ಹೆಂಡತಿ ಹೋದಷ್ಟೇ ಬೇಗ ಮನೆಗೆ ಬಂದಳು. ನಾನಿನ್ನೂ ಪೇಪರಿನ ಅದೇ ಪುಟದಲ್ಲಿದ್ದೆ.

ಭವಾನಿ ಕೊನೆಗೆ ಬಂದಳು, ಒಬ್ಬಳೇ. ಸಾವಿತ್ರಿಬಾಯಿ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಗಿಣಿಹಸಿರು ಕಣ ಕೊಟ್ಟರು. ಭವಾನಿ ಅದನ್ನು ಬೆರಳಿನಿಂದ ಸವರಿದಳು. ಆಮೇಲೆ ಯಾಕೋ ಹೋಗಲಿಲ್ಲ, ಚಾಪೆಯ ಮೇಲೆ ಕುಳಿತಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು.

"ರಾತ್ರಿ ನಿದ್ದಿನ ಬರವಲ್ದು ಅಕ್ಕಾರ," ಎಂದಳು. "ಅವರು ಮಲಗಿದ್ರ ಎದಿ ಮ್ಯಾಲ ಕೈ ಇಟ್ಟು ನೋಡ್ತೀನಿ, ಉಸಿರಾಡಾಕತ್ತಾರೋ ಇಲ್ಲೋ ಅಂತ. ಯಾರ ಮುಂದೂ ಹೇಳಿಲ್ಲ."

ಈ ಹುಡುಗಿ ಏನು ಅನುಭವಿಸುತ್ತಿದ್ದಾಳೆಂದು ಓಣಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಾರದು, ಸಾವಿತ್ರಿಬಾಯಿಗೆ ಗೊತ್ತಿತ್ತು. ನನಗೂ ಹಿಂಗ ಆಗಿತ್ತು ಎನ್ನಲು ಬಾಯಿ ತೆರೆದರು. ಆ ಮಾತನ್ನು ಅವರು ಇದೇ ಚಾಪೆಯ ಮೇಲೆ, ಇದೇ ಭವಾನಿಗೆ, ಹೋದ ಶ್ರಾವಣದಲ್ಲಿ ಹೇಳಿದ್ದರು. ಬೆರಳು, ಆಸ್ಪತ್ರೆ, ನಿದ್ದೆಯಿಲ್ಲದ ರಾತ್ರಿ ಎಲ್ಲವನ್ನೂ ಹೇಳಿ, ಕೊನೆಗೆ ಡಬ್ಬಿ ಎತ್ತಿ ತೋರಿಸಿದ್ದರು. ಕೈ ಹಿಡಿಯೋಣವೆಂದು ಚಾಚಿದರು. ಅದೂ ತರಬೇತಿಯದೇ ಎಂದು ನೆನಪಾಗಿ ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಧೈರ್ಯ ತಗೋ, ಎಲ್ಲಾ ಸರಿ ಆಗ್ತೈತಿ, ನಾ ಅದೀನಲ್ಲ. ಒಂದೊಂದನ್ನೂ ಮನಸ್ಸಿನಲ್ಲಿ ಆಡಿ ನೋಡಿದರು. ಒಂದೊಂದಕ್ಕೂ ಪುಡಿಯ ವಾಸನೆ ಹತ್ತಿತ್ತು. ಸುಮ್ಮನೆ ಕೂತರು.

ಭವಾನಿ ನಿಧಾನವಾಗಿ ಪರ್ಸಿನ ಜಿಪ್ಪು ತೆಗೆದು, ತಗ್ಗಿದ ದನಿಯಲ್ಲಿ, "ಇರ್ಲಿ ಬಿಡ್ರೀ ಅಕ್ಕಾರ. ಒಂದು ಡಬ್ಬಿ ಕೊಡ್ರಿ, ತಗೊಂಡು ಹೋಗ್ತೀನಿ" ಎಂದಳು.

ಅದರಲ್ಲಿ ಕುಹಕವಿರಲಿಲ್ಲ. ಹಳೆಯ ಋಣ ನೆನೆದು, ಅವಳಿಂದ ಆಗಬಹುದಾದ ಒಳ್ಳೆಯದನ್ನು ಮಾಡಲು ಹೊರಟಿದ್ದಳು.

"ಇಲ್ಲವ್ವಾ," ಎಂದರು ಸಾವಿತ್ರಿಬಾಯಿ. "ಮನ್ಯಾಗ ಒಂದೂ ಇಲ್ಲ. ಲಕ್ಷ್ಮೀ ಮುಂದ ಕುಂತು ಹೇಳಾಕತ್ತೀನಿ."

"ಹಂಗಾರ ಯಾಕ ಸುಮ್ನ ಕುಂತೀರಿ?" ಭವಾನಿ ಕೇಳಿದಳು. "ನಾ ಇಷ್ಟು ಹೇಳೀನಿ. ನೀವು ಒಂದು ಮಾತರ ಆಡಬಾರದಾ?"

"ಏನ್ ಆಡ್ಲಿ ಹೇಳು? ನಾ ಏನ್ ಅಂದ್ರೂ ನಿನಗ ಡಬ್ಬಿ ಮಾರಿದಂಗ ಕೇಳ್ತೈತಿ."

ಭವಾನಿ ಅವರ ಮುಖವನ್ನು ದಿಟ್ಟಿಸಿ ನೋಡಿದಳು. ಇಲ್ಲ ಎನ್ನಬಹುದಿತ್ತು. ಆದರೆ ಅವಳು ಸುಳ್ಳು ಹೇಳುವ ಹುಡುಗಿಯಲ್ಲ.

"ಹೌದ್ರೀ," ಎಂದಳು. "ಹಂಗ ಕೇಳ್ತೈತಿ."

ಆಮೇಲೆ ಭವಾನಿ ಎದ್ದು, ಹಿರಿಯರೆಂದು ಅವರ ಕಾಲು ಮುಟ್ಟಿ ನಮಸ್ಕರಿಸಿ, "ಅವರಿಗೆ ಗುಳಿಗಿ ಕೊಡೂ ಹೊತ್ತಾತು" ಎಂದು ರಸ್ತೆ ದಾಟಿ ಹೋದಳು. ಸಾವಿತ್ರಿಬಾಯಿ ಮಿಕ್ಕ ಕಡಲೆಯನ್ನು ಮುಚ್ಚಿಟ್ಟರು.

ಸೂರ್ಯಕಾಂತ ಕೆಲಸ ಮುಗಿಸಿ ಬಂದಾಗ ಹೆಂಡತಿ ಖಾಲಿ ಚಾಪೆಯ ಮೇಲೆ ಕೂತಿದ್ದರಂತೆ. ಚಪ್ಪಲಿ ಬಿಡುತ್ತ ಅವರು ಕೇಳಿದರು, "ಯಾರ್‍ಯಾರು ಬಂದಿದ್ರು?"

"ಎಲ್ಲಾರೂ ಬಂದಿದ್ರು," ಎಂದರು ಸಾವಿತ್ರಿಬಾಯಿ.