ತೊಗರಿ ಕಟ್ಟಿಗೆಯೂ ಮೊದಲ ಮಳೆಯ ಚಿಟ್ಟೆಗಳೂ

ಜೂನ್ ಹನ್ನೊಂದು, ಬೆಳಗ್ಗೆ ಆರೂವರೆ. ರಾತ್ರಿ ಆದೋನಿಗೆ ಮೊದಲ ಮಳೆ ಬಿದ್ದಿದೆ. ಕಿಟಕಿಯ ಸರಳಿನ ಮೇಲೆ ಒಂದು ಚಿಟ್ಟೆ ಕೂತಿದೆ. ಬಿಳಿ ರೆಕ್ಕೆ, ಮುಂದಿನ ಅಂಚಿಗೆ ಹಳದಿ ಗೀರು. ನೀವು ನೋಡಿದರೆ ಚೆಂದವಿದೆ ಎನ್ನುತ್ತೀರಿ. ಶೇಂಗಾ ಬಿತ್ತುವವರ ಮನೆಯಲ್ಲಿ ಯಾರೂ ಹಾಗೆನ್ನುವುದಿಲ್ಲ. ಇದರ ಮರಿಯೇ ಕಂಬಳಿ ಹುಳ. ಒಂದು ಹೊಲ ಮೇಯ್ದು ಮುಗಿಸಿ, ದಂಡುಕಟ್ಟಿಕೊಂಡು ಮುಂದಿನ ಹೊಲಕ್ಕೆ ನಡೆಯುತ್ತದೆ.

ಇದನ್ನು ನಾನು ಮೊದಲು ನೋಡಿದ್ದು ಎಪ್ಪತ್ತೊಂಬತ್ತರಲ್ಲಿ, ಮದ್ದಿಕೇರದ ಅತ್ತೆಯ ಹೊಲದಲ್ಲಿ. ಮಾವ ಆದೋನಿಯಲ್ಲಿ ಗುಮಾಸ್ತರು, ಬೇಸಾಯವೆಲ್ಲ ಅತ್ತೆಯದು. ಪೂಜೆ ಮುಗಿಸಿ ಸೀರೆ ಎತ್ತಿ ಕಟ್ಟಿ ಅವಳು ಹೊರಟರೆ ಎತ್ತುಗಳೂ ದಾರಿ ಬಿಡುತ್ತವೆ ಎಂದು ಮಾವ ನಗುತ್ತಿದ್ದರು. ಅವಳ ಇಳಿಜಾರು ಹೊಲದ ನಡುವೆ ಒಂದು ಕೊರಕಲು ಬಿದ್ದಿತ್ತು. ಪ್ರತಿ ಮಳೆಗೂ ಕೆಂಪು ಮಣ್ಣು ಅದರೊಳಗಿಂದ ಕೆಳಗಿನ ಬೀರಪ್ಪನ ಹೊಲಕ್ಕೆ ಹರಿಯುತ್ತಿತ್ತು. ಅದಕ್ಕೆ ಅಡ್ಡ ಹಾಕಲೆಂದೇ ಅತ್ತೆ ತೊಗರಿ ಕಟ್ಟಿಗೆಯನ್ನು ಒಲೆಗೂ ಕೊಡದೆ ತಾಡಪತ್ರಿ ಹೊದಿಸಿ ಒಟ್ಟಿದ್ದಳು. ಆ ವರ್ಷ ಕೂಲಿಯವರಿಗಿಂತ ಮಳೆ ಮೊದಲು ಬಂತು.

ಮರುದಿನ ಮಧ್ಯಾಹ್ನ ಬೀರಪ್ಪ ಬಂದ.

"ಅಕ್ಕಾರ, ಇವತ್ತು ಚಿಟ್ಟಿ ಏಳತಾವ. ಬೆಂಕಿ ಹಚ್ಚಿದ್ರ ತಾವಾ ಬಂದು ಬೀಳತಾವ. ಊರಾಗ ಎಲ್ಲರ ಕಟ್ಟಿಗಿ ತೊಯ್ದೈತಿ, ನಿಮ್ದೊಂದಾ ಒಣಗಿದ್ದು."

"ಅವು ಕೊರಕಲಿಗಿ ಇಟ್ಟವಪ. ವರ್ಷಾ ನನ್ನ ಹೊಲ ನಿನ್ನ ಹೊಲಕ್ಕ ಬರತೈತಿ. ಸಾಲ್ದೇನು?"

"ನಾನೇನು ಕರದೆನ್ರಿ? ತಾನಾ ಬಂತು."

"ಕರೀಲಿಲ್ಲ ಖರೆ. ಹೋಗಂತನೂ ಅನ್ಲಿಲ್ಲಲ್ಲ."

ಬೀರಪ್ಪ ನಕ್ಕು, ಮತ್ತೆ ಮೆತ್ತಗೆ ಹೇಳಿದ: "ಹುಳ ಬಿದ್ರ ಯಾರ ಹೊಲದಾಗೂ ಒಂದು ಎಲಿ ಉಳಿಯಂಗಿಲ್ರಿ. ಬರೇ ಮಣ್ಣು ಇಟ್ಕೊಂಡು ಏಂ ಚೇಸ್ತಾರು, ಏನ್ ಮಾಡ್ತೀರಿ?"

ಮೋಡ ಇನ್ನೂ ಕಟ್ಟಿಕೊಂಡೇ ಇತ್ತು. ಅತ್ತೆ ಕೊರಕಲನ್ನು ನೋಡಿದಳು, ಮೋಡವನ್ನು ನೋಡಿದಳು. ಆಮೇಲೆ ತಾನೇ ಹೋಗಿ ತಾಡಪತ್ರಿ ಎಳೆದಳು.

ಮುಸ್ಸಂಜೆಗೆ ಬದುಬದುವಿನ ಮೇಲೆ ಬೆಂಕಿ ಎದ್ದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೆಲವೇ ರೆಕ್ಕೆ ಬಿಚ್ಚಿದಂತೆ ಅವು ಬಂದವು. ಕಂಡದ್ದನ್ನೆಲ್ಲ ಎಣಿಸಿ ಬರೆಯುವ ಚಟ ನನಗೆ ಆಗಲೂ ಇತ್ತು. ಐದಕ್ಕೊಂದು ಅಡ್ಡಗೀರು ಎಳೆಯುತ್ತ ಶುರುಮಾಡಿದೆ. ಎರಡನೆಯ ಸಾಲಿಗೇ ಪೆನ್ಸಿಲ್ಲು ನಿಂತಿತು. ಬೆಂಕಿಯ ಸುತ್ತ ಗಾಳಿಯೇ ಬೆಳ್ಳಗಾಗಿತ್ತು. ರೆಕ್ಕೆ ಸುಡುವ ಚಿಟಪಟ ಸದ್ದು ಎಲ್ಲ ಬದುಗಳಿಂದಲೂ ಕೇಳುತ್ತಿತ್ತು. ಆ ದಿನದ ಲೆಕ್ಕ ನನ್ನಲ್ಲಿ ಇವತ್ತಿಗೂ ಇಲ್ಲ.

ಬೆಳಗಿನ ಜಾವ ಮತ್ತೆ ಮಳೆ ಹೊಡೆಯಿತು. ಮೊಣಕಾಲುದ್ದದ ಕೊರಕಲು ಸೊಂಟದ ಆಳಕ್ಕೆ ಇಳಿಯಿತು.

ನೆಲ ಆರಿದ ಮೇಲೆ ಬೀರಪ್ಪ ಬಂಡಿ ಹೊಡೆದುಕೊಂಡು ಬಂದ. ತುಂಬ ಕೆಂಪು ಮಣ್ಣು. ಹಿಂದೆ ಕಲ್ಲು ಹೊತ್ತ ಅವನ ಅಣ್ಣತಮ್ಮಂದಿರು.

"ನಿಮ್ಮ ಮಣ್ಣು ತಗೋರಿ ಅಕ್ಕಾರ. ಹುಳಾನೂ ಇದರಾಗ ಇದ್ರ ಅವೂ ನಿಮ್ಮವಾ."

"ಹುಳ ನೀನಾ ಇಟ್ಕೊ. ಮಣ್ಣು ಇಳಸು."

ಇಳಿಸಿದ ಮಣ್ಣಿನಲ್ಲಿ ಖರ್ಜೂರದ ಬೀಜದಂಥ ಒಂದು ಕಂದು ಕೋಶ ಸಿಕ್ಕಿತು. ಅತ್ತೆ ಅಂಗೈ ಮೇಲಿಟ್ಟಳು. ಅದು ಮಿಸುಕಿತು.

"ಹೋದ ಮಳಿಗಾಲದಿಂದ ಇದು ಉಂಡಿಲ್ಲ, ನೀರು ಕುಡದಿಲ್ಲ. ಮಳಿ ಕೇಳಿ ಏಳತೈತಿ ನೋಡು," ಎಂದಳು, ದೇವರ ಮನೆಯಲ್ಲಿ ಮಾತಾಡುವ ದನಿಯಲ್ಲಿ. ಆಮೇಲೆ ನೆಲಕ್ಕೆ ಹಾಕಿ, ಹಿಮ್ಮಡಿಯಿಂದ ಅಮುಕಿದಳು.

ಈಗ ಏಳು ಗಂಟೆ. ಚಿಟ್ಟೆಯನ್ನು ಹೊಡೆಯಬೇಕೆಂದು ಎದ್ದವಳು ಇಷ್ಟು ಬರೆಯುತ್ತ ಕೂತೆ. ಆಳದ ಒಣ ಮಣ್ಣಿನಲ್ಲಿ ಮಲಗಿದ್ದಕ್ಕೆ ಮಳೆಯ ಸುದ್ದಿ ಹೇಗೆ ಮುಟ್ಟುತ್ತದೆ? ಸದ್ದಿನಿಂದಲೋ, ತಂಪಿನಿಂದಲೋ? ಬಲ್ಲವರು ಯಾರಾದರೂ ಇದ್ದರೆ ನನಗೊಂದು ಕಾರ್ಡು ಬರೆಯಿರಿ.